ಮೇಣದ ಬಿರಡೆ

ಕುಶನ್ ಅಕ್ಕ ಕಾರಿನ ಬಾಗಿಲಿಗೆ ಝಾಡಿಸಿ ಒದ್ದಳು. ಬಾಗಿಲು ಢಣ್ ಎಂದು ಬಡಿದುಕೊಂಡು, ಹಾಕಿಕೊಳ್ಳುವುದು ಬಿಟ್ಟು, ಮತ್ತೆ ಬಾಯಿ ತೆರೆದುಕೊಂಡು ನಿಂತಿತು.

"ಹಾಕ್ಕೊಳ್ಳೇ ಹಾಳಾದವಳೇ! ಹಾಕ್ಕೊಳ್ತೀಯೋ ಇಲ್ವೋ?"

ಹಾಕಿಕೊಳ್ಳಲಿಲ್ಲ. ಅಕ್ಕನ ಹೆಬ್ಬೆರಳು ಮಾತ್ರ ಊದಿಕೊಂಡಿತು. ಶೆಡ್ಡಿನ ಗೋಡೆಗೆ ಕೈ ಆನಿಸಿ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ, ಅವಳು ಕಾರಿನ ಜನ್ಮ ಜಾಲಾಡಿದಳು. ಬಾಗಿಲಿನ ಬೀಗ ಮಾಡಿದವನನ್ನು ಬಿಡಲಿಲ್ಲ, ಬಾಗಿಲು ತಿರುಗಿಸುವ ಹಿಂಜು ಕಂಡುಹಿಡಿದವನನ್ನೂ ಬಿಡಲಿಲ್ಲ. ಕೊನೆಗೆ ಬೈಗುಳ ಎಂದಿನ ಹಾಗೆ ತಮ್ಮನ ಹತ್ತಿರ ಬಂದು ನಿಂತಿತು. ಈ ಬಾಗಿಲನ್ನು ಕೊನೆಯ ಸಲ ಬಿಚ್ಚಿ ಕೂರಿಸಿದವನು ಅವನೇ ತಾನೆ? "ಸೊಟ್ಟ ಕೂರಿಸಿ ಹೋಗಿದ್ದಾನೆ, ಸೊಟ್ಟ ಮೂತಿಯವನು! ಕೈ ಸೇದಿಹೋಗ!"

ಈ ಅಕ್ಕನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅವಳು ನನ್ನನ್ನೂ ಬಿಡುವುದಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಕುಶನ್ ಅಂಗಡಿ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಲಾರಿಯ ಟಾರ್ಪಾಲು, ಹರಿದದ್ದು ಏನು ತಂದರೂ ಹೊಲಿದು ಕೊಡುತ್ತಾಳೆ. ಜೊತೆಗೆ ಬೈಗುಳವೂ ಉಂಟು. "ಇದೇನ್ರೀ ಸೋಫಾನಾ? ನಿಮ್ಮನೇಲಿ ಮನುಷ್ಯರು ಕೂರ್ತಾರೋ ಕುದುರೆ ಕುಣಿಸ್ತಾರೋ?" ಗಿರಾಕಿ ಹಲ್ಲು ಕಿರಿದುಕೊಂಡು ನಿಲ್ಲುತ್ತಾನೆ. ಬೇರೆ ಕಡೆ ಹೋಗುವುದಿಲ್ಲ, ಯಾಕೆಂದರೆ ಅವಳ ಹೊಲಿಗೆಯಲ್ಲಿ ನೀರು ನುಸುಳಿದ್ದನ್ನು ಯಾರೂ ಕಂಡವರಿಲ್ಲ. ಲಾರಿಯವರು ಟಾರ್ಪಾಲು ತಗೊಂಡು ಹೋಗುವಾಗ ಅವಳು ದಬ್ಬಣ ತೋರಿಸಿ ಸವಾಲು ಹಾಕುತ್ತಾಳೆ, "ಒಂದು ಹನಿ ಒಳಗೆ ಬಿದ್ರೆ ಈ ದಬ್ಬಣದಲ್ಲಿ ನನ್ನ ಬಾಯಿ ಹೊಲಿದುಬಿಡಿ." ಆ ಬಾಯಿ ಮುಚ್ಚಿದರೆ ಸಾಕೆಂದು ಎಷ್ಟೋ ಜನ ಹನಿಗಾಗಿ ಕಾದಿದ್ದಾರೆ. ಬಿದ್ದಿಲ್ಲ.

ತೂತು ಎಂದರೆ ಅವಳ ಲೆಕ್ಕದಲ್ಲಿ ಒಂದೇ: ನೀರು ಒಳಗೆ ಬರುವ ದಾರಿ. ಕಂಡ ತಕ್ಷಣ ಮುಚ್ಚಬೇಕು.

ಇನ್ನು ಕಾರು. ಹೆಸರು ಕೆಂಪಿ, ಹೆಸರಿಟ್ಟವರು ಅಪ್ಪ. ಔಷಧಿ ಅಂಗಡಿ ಇಟ್ಟುಕೊಂಡಿದ್ದ ಶಾಂತ ಮನುಷ್ಯ, ಜೀವಮಾನದಲ್ಲಿ ಮಾಡಿದ ಒಂದೇ ಹುಚ್ಚು ಕೆಲಸ ಈ ಕಾರು ತಂದದ್ದು. ತಗ್ಗಾಗಿ, ಉದ್ದ ಮೂತಿಯ, ಎರಡೇ ಸೀಟಿನ ಕಾರು. ತಲೆಯ ಮೇಲೆ ತಗಡಿಲ್ಲ, ಕೊಡೆಯ ಹಾಗೆ ಮಡಚಿ ಹಿಂದಕ್ಕೆ ತಳ್ಳುವ ಬಟ್ಟೆಯ ಮಾಡು. ಹಳೆಯದನ್ನೇ ತಂದಿದ್ದರು, ಮನೆಗೆ ಬಂದ ಮೇಲೆ ಅದು ಇನ್ನಷ್ಟು ಹಳೆಯದಾಯಿತು. ಅಪ್ಪ ಓಡಿಸುವುದು, ಪಕ್ಕದಲ್ಲಿ ಮಗಳು. ಮಗ ಚಿಕ್ಕವನು, ಅವನಿಗೆ ಸೀಟಿಲ್ಲ. ಸೀಟಿನ ಹಿಂದೆ ಮಾಡು ಮಡಚಿಡುವ ಸಂದಿಯಲ್ಲಿ ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ಕೂರುತ್ತಿದ್ದ. ಅವನು ದೊಡ್ಡವನಾಗಿ ಮೀಸೆ ಬಂದ ಮೇಲೂ ಅವನ ಜಾಗ ಅದೇ ಎಂದು ಅಕ್ಕ ತಿಳಿದಿದ್ದಳು.

ಆ ಕೆಂಪಿಗೀಗ ಕುತ್ತಿಗೆಗೆ ಬಂದಿತ್ತು. ಹಳೇ ಗಾಡಿಗಳನ್ನು ನೋಡಿ ರಸ್ತೆಗೆ ಬಿಡುವ ಕಚೇರಿಯ ತಪಾಸಣೆಯವನು ಬಾಗಿಲನ್ನು ಹಾಕಿ ನೋಡಿದ, ತೆಗೆದು ನೋಡಿದ, ತಲೆ ಅಲ್ಲಾಡಿಸಿದ. "ಬಾಗಿಲು ನಿಲ್ಲದ ಗಾಡೀನ ರಸ್ತೆಗೆ ಬಿಡೋಕಾಗಲ್ಲಮ್ಮ. ತಿಂಗಳ ಕೊನೆ ಒಳಗೆ ಸರಿ ಮಾಡ್ಕೊಂಡು ಬನ್ನಿ. ಆಗಲಿಲ್ಲ ಅಂದ್ರೆ ನಂಬರು ರದ್ದು, ಆಮೇಲೆ ಗುಜರಿಗೇ."

"ನಿಮಗೂ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ," ಅಂದಳು ಅಕ್ಕ. "ನಿಮ್ಮನ್ನ ಯಾರೂ ಗುಜರಿಗೆ ಹಾಕಲಿಲ್ವಲ್ಲ?"

ಹಾಗೆ ಅಂದು ಬಂದಳೇನೋ ನಿಜ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ, ಬಲಗೈಯಲ್ಲಿ ಸ್ಟೀರಿಂಗು, ಎಡಗೈಯಲ್ಲಿ ಬಾಗಿಲಿಗೆ ಕಟ್ಟಿದ ಹಗ್ಗ ಎಳೆದು ಹಿಡಿದುಕೊಂಡು, ತಿಂಗಳ ಕೊನೆಗೆ ಉಳಿದ ದಿನಗಳನ್ನೇ ಎಣಿಸಿದಳು. ಅಪ್ಪ ಸತ್ತಾಗ ಅವಳು ಅತ್ತಿರಲಿಲ್ಲ. ಶೆಡ್ಡಿಗೆ ಹೋಗಿ ಕೆಂಪಿಯ ಸೀಟು ಬಿಚ್ಚಿ ಮತ್ತೆ ಹೊಲಿದಿದ್ದಳು, ಅಷ್ಟೇ. ಕೆಂಪಿ ಹೋದರೆ ಅಪ್ಪ ಎರಡನೇ ಸಲ ಹೋದ ಹಾಗೆ. ಈ ಸಲ ಬಿಚ್ಚಿ ಹೊಲಿಯಲು ಸೀಟೂ ಇರುವುದಿಲ್ಲ.

ಮೆಕ್ಯಾನಿಕ್ಕಿನ ಹತ್ತಿರ ಯಾಕೆ ಹೋಗಲಿಲ್ಲ ಅಂತೀರಾ? ಕೆಂಪಿಗೆ ಹೊರಗಿನವರ ಕೈ ತಾಗಿದ್ದೇ ಇಲ್ಲ. ಮನೆಯವರೇ ಮಾಡಬೇಕೆಂದು ಅಪ್ಪನ ಕಟ್ಟಪ್ಪಣೆ. ಕೆಲಸ ಹಂಚಿಕೆಯಾಗಿತ್ತು: ಬಟ್ಟೆ, ರಬ್ಬರು, ಸೀಟು, ಮಾಡು ಮಗಳಿಗೆ, ಕಬ್ಬಿಣ ಮಗನಿಗೆ. ಮಗ ಕಲಿತದ್ದೂ ವೆಲ್ಡಿಂಗೇ, ಗೇಟು ಗ್ರಿಲ್ಲು ಮಾಡಿ ಬದುಕುತ್ತಾನೆ. ಅಪ್ಪ ಹಾಸಿಗೆ ಹಿಡಿದಾಗ ಮಗಳ ಕೈ ಹಿಡಿದು ಹೇಳಿದ ಮಾತು, "ಕೆಂಪಿ ಒಳಗೆ ನೀರು ನಿಲ್ಲಗೊಡಬೇಡಮ್ಮ. ಕಬ್ಬಿಣಕ್ಕೆ ನೀರೇ ಶತ್ರು."

ನಿಲ್ಲಗೊಡಬೇಡ ಅಂದರು ಅಪ್ಪ. ಅಕ್ಕ ಕೇಳಿಸಿಕೊಂಡದ್ದೂ ಅದನ್ನೇ, ಮಾಡಿದ್ದು ಮಾತ್ರ ತನ್ನ ಅಂಗಡಿಯ ಬುದ್ಧಿಯಿಂದ. ನೀರು ಬಂದರಲ್ಲವೇ ನಿಲ್ಲುವುದು? ಬರಲೇಬಾರದು! ಕಾರಿನ ಅಡಿಗೆ ನುಗ್ಗಿ ನೋಡಿದರೆ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಕಬ್ಬಿಣ, ತಮ್ಮ ಅದಕ್ಕೆ ಹೊಸ್ತಿಲು ಅನ್ನುತ್ತಿದ್ದ, ಅದರ ತಳದಲ್ಲಿ ಸಾಲಾಗಿ ಬೆರಳು ತೂರುವಷ್ಟು ತೂತುಗಳು. ಅಕ್ಕನ ಮೈ ಉರಿದುಹೋಯಿತು. ಕಾರು ಮಾಡಿದವನಿಗೆ ಕಣ್ಣಿರಲಿಲ್ಲವೇ? ಅಂದಿನಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಅಂಗಡಿಯ ಚಿಂದಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಅಡ್ಡ ಹೊಲಿಗೆ ಹಾಕಿ, ಕರಗಿಸಿದ ಮೇಣದಲ್ಲಿ ಅದ್ದಿ ಬಿರಡೆ ಮಾಡುತ್ತಿದ್ದಳು. ಮರದ ಸುತ್ತಿಗೆಯಿಂದ ಒಂದೊಂದನ್ನೇ ತೂತಿಗೆ ಬಡಿದು, ಮೇಲೆ ಡಾಂಬರು ಬಳಿಯುತ್ತಿದ್ದಳು. ಮುಂದಿನ ವರ್ಷ ನೋಡಿದರೆ ಬಿರಡೆಗಳು ಮಾಯ! ಹಾಳು ರಸ್ತೆಯ ಗುಂಡಿಗೆ ಕುಲುಕಿ ಬಿದ್ದಿವೆ ಎಂದು ರಸ್ತೆ ಮಾಡಿದವರನ್ನು ಬೈದು, ಇನ್ನೂ ದಪ್ಪಗೆ ಮಾಡುತ್ತಿದ್ದಳು.

ತಮ್ಮ ಏನು ಮಾಡುತ್ತಿದ್ದ? ಅದೇ ಅವಳ ಸಿಟ್ಟು. ಅವಳ ಕೆಲಸ ಮುಗಿದ ಮೇಲೆ ಬರುವವನು, ಗೋಣಿತಾಟು ಹಾಸಿಕೊಂಡು ಕಾರಿನ ಅಡಿಗೆ ಹೋಗಿ ಮಲಗುವವನು. ಸುತ್ತಿಗೆಯ ಸದ್ದಿಲ್ಲ, ಗ್ರೈಂಡರಿನ ಸದ್ದಿಲ್ಲ. ಬಹಳ ಹೊತ್ತಾದ ಮೇಲೆ ಮೈ ಕೊಡವಿಕೊಂಡು ಎದ್ದು ಬಂದು, "ಆಯ್ತಕ್ಕ," ಅನ್ನುವವನು. ಏನಾಯ್ತು? ದೇವರಿಗೇ ಗೊತ್ತು. "ನಿದ್ದೆ ಆಯ್ತಾ ಸ್ವಾಮಿ?" ಅನ್ನುತ್ತಿದ್ದಳು ಅಕ್ಕ. ಅವನು ನಗುತ್ತಿದ್ದ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪ್ರಾಣಿ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು.

ಮೂರು ಮಳೆಗಾಲದ ಹಿಂದೆ ಆ ನಗು ನಿಂತಿತು. ತಮ್ಮನ ಹೆಂಡತಿಯ ತವರಿನವರೆಲ್ಲ ಬಂದಿದ್ದ ದಿನ. ಅಕ್ಕ ಹೊಸದಾಗಿ ಹೊಲಿದು ಕೂರಿಸಿದ್ದ ಸೀಟಿನ ಮೇಲೆ ತಮ್ಮ ಗ್ರೀಸಿನ ಪ್ಯಾಂಟಿನಲ್ಲೇ ಕೂತುಬಿಟ್ಟ. ಅಷ್ಟೇ ಸಾಕಾಯಿತು. ಅವಳು ಎಲ್ಲರೆದುರಿಗೆ ಅವನ ಮಾನ ತೆಗೆದಳು. "ಹೊಲಿಯೋದು ನಾನು, ತೊಳೆಯೋದು ನಾನು, ಡಾಂಬರು ಬಳಿಯೋದು ನಾನು. ಈ ಕಾರಿಗೆ ನಿನ್ನ ಕೆಲಸ ಯಾವುದು, ಹೇಳು ನೋಡೋಣ! ಅಡೀಲಿ ಬಿದ್ಕೊಂಡು ನಿದ್ದೆ ಹೊಡೆಯೋದು ಬಿಟ್ಟು ನಿನ್ನ ಕೆಲಸ ಯಾವುದು?"

ಮಾವನ ಮನೆಯವರು ನೆಲ ನೋಡಿದರು. ತಮ್ಮ ಉಪಕರಣದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಆಮೇಲೆ ಅವನೂ ಬರಲಿಲ್ಲ, ಇವಳೂ ಕರೆಯಲಿಲ್ಲ. ಬೀದಿಯಲ್ಲಿ ಎದುರಾದರೆ ಇಬ್ಬರೂ ಅಂಗಡಿಗಳ ಬೋರ್ಡು ಓದುತ್ತಿದ್ದರು. ಅವನಿಲ್ಲದೆ ಏನೂ ಕೆಟ್ಟಿಲ್ಲ ಎಂದು ಅಕ್ಕನ ಹಮ್ಮು. ನೋಡಿ, ಈಗ ಬಿರಡೆ ಕೂಡ ಬೀಳುತ್ತಿಲ್ಲ! ವರ್ಷವರ್ಷವೂ ನೋಡಿದರೆ ಡಾಂಬರಿನಡಿ ಕಲ್ಲಿನಂತೆ ಕೂತಿರುತ್ತವೆ. ಅವಳು ಮೇಲೊಂದು ಕೈ ಡಾಂಬರು ಬಳಿದು ಬರುತ್ತಿದ್ದಳು.

ಈಗ ಬಾಗಿಲು. ಹಿಂಜಿನ ಸ್ಕ್ರೂ ಸಡಿಲಿಸಿ ಮೇಲೆತ್ತಿದಳು, ಆಗಲಿಲ್ಲ. ಬೀಗದ ಕೊಂಡಿಯನ್ನು ಅರದಿಂದ ಉಜ್ಜಿದಳು, ಆಗಲಿಲ್ಲ. ಬಾಗಿಲ ಹಿಂದಿನ ಸಂದಿ ಮೇಲ್ಗಡೆ ಕೂದಲು ತೂರದಷ್ಟು ಕಿರಿದು, ಕೆಳಗಡೆ ಹೆಬ್ಬೆರಳು ತೂರುವಷ್ಟು ಅಗಲ. ಬಟ್ಟೆಯಾಗಿದ್ದರೆ ಎರಡು ಎಳೆ ಬಿಚ್ಚಿ ಸರಿಮಾಡಬಹುದಿತ್ತು. ಕಬ್ಬಿಣ ಮಾತು ಕೇಳುವುದಿಲ್ಲ. "ಎಲ್ಲಾ ಅವನದ್ದೇ ಜಾತಿ," ಎಂದು ಹಲ್ಲು ಕಡಿದಳು.

ಸಿಟ್ಟಿನಲ್ಲಿ ಕಾರನ್ನು ಹಿಡಿದು ಅಲ್ಲಾಡಿಸಿದಳು ನೋಡಿ, ಒಳಗೆಲ್ಲೋ ಗುಳುಗುಳು ಎಂದಿತು.

ಅಕ್ಕ ನಿಂತಳು. ಮತ್ತೆ ಅಲ್ಲಾಡಿಸಿದಳು. ಗುಳುಗುಳು. ತಮ್ಮ ಒಳಗೆಲ್ಲೋ ಎಣ್ಣೆಯ ಡಬ್ಬಿ ಮರೆತು ಹೋಗಿರಬೇಕು, ಇನ್ನೇನು! ಎತ್ತಿ ನೋಡೋಣವೆಂದು ಜಾಕ್ ತಂದು ಬಾಗಿಲ ಕೆಳಗಿನ ಹೊಸ್ತಿಲಿಗೆ ಕೊಟ್ಟು ತಿರುವತೊಡಗಿದಳು.

ಜಾಕ್ ಮೇಲಕ್ಕೆ ಹೋಯಿತು. ಕಾರು ಹೋಗಲಿಲ್ಲ.

ಒಣ ಎಲೆ ತುಳಿದ ಹಾಗೆ ಕರಕರ ಸದ್ದು. ಜಾಕಿನ ತಲೆ ಹೊಸ್ತಿಲಿನೊಳಗೇ ಹೊಕ್ಕಿತು, ಹೊಕ್ಕ ಜಾಗದಿಂದ ಕೆಂಪು ನೀರು ಭಳ್ ಎಂದು ನುಗ್ಗಿ ಅವಳ ಮಡಿಲು, ತೋಳು, ಮುಖ ಎಲ್ಲ ತೋಯಿಸಿತು. ನಾರುವ, ತುಕ್ಕಿನ ಚಕ್ಕೆ ತುಂಬಿದ ನೀರು, ಬಕೆಟ್ಟುಗಟ್ಟಲೆ. ಇಷ್ಟೊಂದು ನೀರು ಎಲ್ಲಿತ್ತು? ಅಕ್ಕ ಹಾವು ತುಳಿದವಳಂತೆ ಚೀರಿ ಹಿಂದೆ ಸರಿದಳು.

ಆಮೇಲೆ ಮಂಡಿಯೂರಿ, ಟಾರ್ಚು ಬಿಟ್ಟು ನೋಡಿದಳು. ಕಬ್ಬಿಣ ಕೈಯಲ್ಲೇ ಮುರಿದು ಬರುತ್ತಿತ್ತು. ಕಿಟಕಿಯ ಗಾಜಿನ ಸಂದಿಯಿಂದ, ಮಾಡಿನ ಮೂಲೆಯಿಂದ, ಬಾಗಿಲ ಹೊಟ್ಟೆಯಿಂದ ಜಿನುಗಿದ ಮಳೆನೀರೆಲ್ಲ ಹರಿದುಬಂದು ಸೇರುವುದು ಈ ಹೊಸ್ತಿಲಿಗೆ. ಹೊರಗೆ ಹೋಗಲೆಂದೇ ತಳದಲ್ಲಿ ತೂತು ಬಿಟ್ಟಿದ್ದರು. ಆ ತೂತಿನಲ್ಲಿ ಡಾಂಬರು ಮೆತ್ತಿಕೊಂಡು, ಅಡ್ಡ ಹೊಲಿಗೆಯ ಬಿರಡೆ ಗಟ್ಟಿಯಾಗಿ ಕೂತಿತ್ತು. ಅವಳದೇ ಹೊಲಿಗೆ. ಊರಲ್ಲಿ ಇನ್ನೊಬ್ಬರಿಗೆ ಆ ಹೊಲಿಗೆ ಬರುವುದಿಲ್ಲ.

ಆದರೆ ಅಕ್ಕ ಅಕ್ಕನೇ, ತಪ್ಪು ತನ್ನದೆಂದು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಕಬ್ಬಿಣದ ಕೆಲಸದವನು ಅವನಲ್ಲವೇ? ವರ್ಷವರ್ಷ ಅಡಿಯಲ್ಲೇ ಮಲಗಿರುತ್ತಿದ್ದನಲ್ಲ, ಕಣ್ಣೇನು ತಲೆ ಹಿಂದೆ ಇತ್ತೇ? ಬಿರಡೆ ಕೀಳಲು ಉಳಿ ಬೇಕೆಂದು ತಮ್ಮ ಬಿಟ್ಟುಹೋದ ಪೆಟ್ಟಿಗೆಯನ್ನು ಎಳೆದು, ಒಳಗಿದ್ದುದನ್ನೆಲ್ಲ ನೆಲಕ್ಕೆ ಸುರಿದಳು. ಉಳಿಯ ಜೊತೆಗೆ ಅಪ್ಪನ ಅಂಗಡಿಯ ಹಳೇ ಮಾತ್ರೆ ಡಬ್ಬಿಯೊಂದು ಉರುಳಿ, ಮುಚ್ಚಳ ಹಾರಿ, ಒಳಗಿನದು ಚೆಲ್ಲಾಪಿಲ್ಲಿಯಾಯಿತು.

ಬಿರಡೆಗಳು. ಮೇಣ ಕಪ್ಪಿಟ್ಟ, ಅಂಚು ಜಜ್ಜಿದ, ಅಡ್ಡ ಹೊಲಿಗೆಯ ಬಿರಡೆಗಳು.

ಅಕ್ಕ ಒಂದೊಂದನ್ನೇ ಎತ್ತಿ ಮೇಣ ಕೆರೆದು ನೋಡಿದಳು. ನೀಲಿ ಚೌಕಳಿ: ಡಾಕ್ಟರ ಮನೆಯ ಸೋಫಾ ಹೊಲಿದ ವರ್ಷದ್ದು. ಹಸಿರು ಟಾರ್ಪಾಲು: ಲಾರಿಯವರ ಕೆಲಸ ಬಂದ ವರ್ಷದ್ದು. ಕಂದು ರೆಗ್ಜಿನ್ನು: ಸಿನಿಮಾ ಥಿಯೇಟರಿನ ಕುರ್ಚಿಗಳದ್ದು. ಅಪ್ಪ ಸತ್ತ ವರ್ಷದಿಂದ ಹಿಡಿದು ಅವನು ಬಿಟ್ಟುಹೋಗುವ ವರ್ಷದವರೆಗೆ ಒಂದೂ ತಪ್ಪಿಲ್ಲ. ರಸ್ತೆಯ ಗುಂಡಿಗೆ ಕುಲುಕಿ ಬಿದ್ದಿದ್ದಲ್ಲ. ಇವಳು ಬಡಿದು ಕೂರಿಸಿದ್ದನ್ನು ಅವನು ಮೇಲುಮುಖನಾಗಿ ಮಲಗಿ, ಇವಳಿಗೆ ಕೇಳಿಸದ ಹಾಗೆ, ಉಳಿಯ ತುದಿಯಿಂದ ಒಂದೊಂದಾಗಿ ಬಿಡಿಸಿ ತೆಗೆದಿದ್ದ. ಎಸೆಯಲೂ ಮನಸ್ಸು ಬಾರದೆ ಡಬ್ಬಿಗೆ ಹಾಕಿಟ್ಟಿದ್ದ.

ಅಕ್ಕ ಡಬ್ಬಿ ಎತ್ತಿಕೊಂಡಳು. ಮುಖ ತೊಳೆಯಲಿಲ್ಲ, ಸೀರೆ ಬದಲಾಯಿಸಲಿಲ್ಲ. ಕೆಂಪು ನೀರು ಸುರಿಸಿಕೊಂಡು, ಒಂದು ಕಾಲು ಕುಂಟುತ್ತ, ನಡುಮಧ್ಯಾಹ್ನ ಬೀದಿಯಲ್ಲಿ ಹೊರಟವಳನ್ನು ಕಂಡು ಜನ ದಾರಿ ಬಿಟ್ಟರು. ಯಾರನ್ನೋ ಕೊಂದು ಬರುತ್ತಿದ್ದಾಳೆಂದು ಕೆಲವರು ತಿಳಿದರು, ಕೊಲ್ಲಲು ಹೋಗುತ್ತಿದ್ದಾಳೆಂದು ಇನ್ನು ಕೆಲವರು.

ತಮ್ಮ ತನ್ನ ವರ್ಕ್‌ಶಾಪಿನಲ್ಲಿ ಗೇಟೊಂದನ್ನು ವೆಲ್ಡ್ ಮಾಡುತ್ತಿದ್ದ. ಅಕ್ಕ ಡಬ್ಬಿಯನ್ನು ಆ ಗೇಟಿನ ಮೇಲೆ ಕುಕ್ಕಿದಳು.

"ಯಾಕೋ ಹೇಳಲಿಲ್ಲ?"

ಅವನು ಮುಖದ ಗುರಾಣಿ ಮೇಲೆತ್ತಿದ. ಡಬ್ಬಿ ನೋಡಿದ. ಅಕ್ಕನ ಸೀರೆ ನೋಡಿದ. ಕೆಂಪು ನೀರು ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. "ಹೋಯ್ತಾ?" ಅಂದ.

"ಜಾಕ್ ಒಳಗೇ ಹೋಯ್ತು! ಬಾಯಿಲ್ವಾ ನಿನಗೆ? ವರ್ಷವರ್ಷ ಕಿತ್ತು ಡಬ್ಬಿ ತುಂಬಿಸೋಕೆ ಆಗತ್ತೆ, ಒಂದು ಮಾತು ಹೇಳೋಕೆ ಆಗಲ್ವಾ? ಬಿಟ್ಟು ಹೋದ ಮೇಲೆ ಗೊತ್ತಿತ್ತಲ್ಲ ನಿನಗೆ, ಮುಚ್ಚಿದ್ರೆ ಕೊಳೆಯತ್ತೆ ಅಂತ ಗೊತ್ತಿತ್ತಲ್ಲ!"

"ಗೊತ್ತಿತ್ತು," ಅಂದ ತಮ್ಮ.

"ಮತ್ತೆ?"

"ಕೊಳೀಲಿ ಅಂತ ಬಿಟ್ಟೆ!"

ಆ ದನಿಗೆ ಒಳಮನೆಯಿಂದ ಅವನ ಹೆಂಡತಿ ಓಡಿಬಂದಳು. ಅವನು ಹಾಗೆ ಕೂಗಿದ್ದನ್ನು ಅವಳೂ ಎಂದೂ ಕೇಳಿರಲಿಲ್ಲ. ತಮ್ಮ ಗುರಾಣಿಯನ್ನು ಕಿತ್ತು ನೆಲಕ್ಕೆಸೆದ.

"ಹೇಳಲಿಲ್ಲ ಅಂತೀಯಾ? ಮೊದಲನೇ ವರ್ಷವೇ ಹೇಳೋಕೆ ಬಂದೆ. 'ಅಕ್ಕ, ಆ ತೂತು' ಅಂದೆ. ಅಷ್ಟಕ್ಕೇ ಸುತ್ತಿಗೆ ಎಸೆದೆ ನೀನು. 'ಅಪ್ಪ ನನಗೆ ಹೇಳಿ ಹೋಗಿದ್ದಾರೆ, ನಿನಗೇನು ಗೊತ್ತು' ಅಂದೆ. ನಿನ್ನ ಜೊತೆ ಯಾರಿಗೆ ಮಾತಾಡೋಕೆ ಆಗತ್ತೆ? ಬಾಯಿ ತೆಗೆಯೋಕೆ ಬಿಡ್ತೀಯಾ? ಸರಿ, ಅಕ್ಕ ಹಾಕಲಿ, ನಾನು ತೆಗೀತೀನಿ, ಅವಳ ಮನಸ್ಸೂ ಉಳಿಯತ್ತೆ ಕಾರೂ ಉಳಿಯತ್ತೆ ಅಂದ್ಕೊಂಡೆ. ಕಣ್ಣಿಗೆ ಡಾಂಬರು ಬೀಳ್ತಿತ್ತು, ಗೊತ್ತಾ? ಕತ್ತು ಹಿಡ್ಕೊಳ್ತಿತ್ತು. ಎದ್ದು ಬಂದ್ರೆ ನಿದ್ದೆ ಆಯ್ತಾ ಸ್ವಾಮಿ! ನಕ್ಕೆ. ನಗ್ತಾನೇ ಇದ್ದೆ. ಕೊನೆಗೆ ಇವಳ ಅಪ್ಪ ಅಮ್ಮನ ಎದುರಿಗೆ, ನಿನ್ನ ಕೆಲಸ ಯಾವುದು ಅಂತ ಕೇಳಿದೆಯಲ್ಲ, ಏನಂತ ಹೇಳಲಿ? ನೀನು ಮಾಡಿದ್ದನ್ನ ಬಿಚ್ಚೋದೇ ನನ್ನ ಕೆಲಸ ಅಂತ ಅವರೆದುರಿಗೆ ನಿನ್ನ ಮರ್ಯಾದೆ ತೆಗೀಲಾ? ಮಳೆ ಬಂದಾಗೆಲ್ಲ ಎದ್ದು ಕೂತಿದ್ದೀನಿ. ಬೇಕಾದ್ರೆ ಇವಳನ್ನ ಕೇಳು. ಇಷ್ಟೊತ್ತಿಗೆ ತುಂಬಿರತ್ತೆ, ಹೋಗಿ ಕಿತ್ತು ಬರ್ಲಾ ಅಂತ ಚಪ್ಪಲಿ ಹಾಕ್ಕೊಂಡು, ಮತ್ತೆ ಬಿಚ್ಚಿದ್ದೀನಿ. ಅಕ್ಕನೇ ಬಂದು ಕರೀಲಿ, ಇಲ್ಲದಿದ್ರೆ ಕೊಳೀಲಿ, ನಾಶವಾಗಲಿ ಅಂತ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೂ ಸಿಟ್ಟು ಬಂದು, ತೋಳಿನಿಂದ ಒರಟಾಗಿ ಒರೆಸಿಕೊಂಡ.

ಅಕ್ಕನಿಗೆ ಜೀವಮಾನದಲ್ಲಿ ಯಾರೂ ಹೀಗೆ ಬೈದಿರಲಿಲ್ಲ. ಅಪ್ಪ ಬೈಯುವ ಮನುಷ್ಯನಲ್ಲ, ಗಿರಾಕಿಗಳಿಗೆ ಧೈರ್ಯವಿಲ್ಲ. ಬೀದಿಯವರು ಬಾಗಿಲಲ್ಲಿ ಸೇರಿದ್ದರು, ಈಗ ಏನು ಸಿಡಿಯುವುದೋ ಎಂದು ಕಾದರು. ಅವಳು ಡಬ್ಬಿಯಿಂದ ಉರುಳಿದ್ದ ಬಿರಡೆಯೊಂದನ್ನು ಬಗ್ಗಿ ಎತ್ತಿ, ಮತ್ತೆ ಡಬ್ಬಿಗೆ ಹಾಕಿದಳು.

"ಇನ್ನೂ ಇದ್ರೆ ಬೈ," ಅಂದಳು. "ಮುಗಿದ ಮೇಲೆ ಬಾ. ತಿಂಗಳು ಮುಗಿಯೋಕೆ ಬಂತು."

"ಬರಲ್ಲ!"

"ಬರಬೇಡ. ನಾನು ಇಲ್ಲೇ ಕೂತಿರ್ತೀನಿ."

ಕೂತಳು, ಕಬ್ಬಿಣದ ರಾಶಿಯ ಪಕ್ಕದ ಮುರುಕು ಸ್ಟೂಲಿನ ಮೇಲೆ. "ಒಳಗೆ ಬನ್ನಿ ಅಕ್ಕ, ಮುಖ ತೊಳ್ಕೊಳ್ಳಿ," ಎಂದು ತಮ್ಮನ ಹೆಂಡತಿ ಎಷ್ಟು ಹೇಳಿದರೂ ಏಳಲಿಲ್ಲ. ತಮ್ಮ ಗೇಟಿನ ಉಳಿದ ಕೆಲಸ ಮುಗಿಸಿದ. ಬೇಕೆಂದೇ ನಿಧಾನವಾಗಿ ಮುಗಿಸಿದ. ಆಮೇಲೆ ವೆಲ್ಡಿಂಗ್ ಯಂತ್ರವನ್ನು ಕೈಗಾಡಿಗೆ ಹೇರುತ್ತ, ಅವಳ ಕಡೆ ನೋಡದೆ, "ಎಷ್ಟು ಬಾಯಿ ಬಿಟ್ಟಿದೆ ಬಾಗಿಲು?" ಎಂದು ಕೇಳಿದ.

ಅಲ್ಲಿಂದ ಮುಂದೆ ನಡೆದದ್ದು ಪ್ರೀತಿಯ ಸೇವೆ ಅಂದುಕೊಳ್ಳಬೇಡಿ, ಯುದ್ಧವೇ. ತಗಡಿನ ಮಾಡಿಲ್ಲದ ಕಾರಿಗೆ ಆ ಹೊಸ್ತಿಲೇ ಬೆನ್ನುಮೂಳೆ, ಅದು ಕೊಳೆತು ಕಾರು ನಡುವಿನಲ್ಲಿ ಕುಸಿದಿತ್ತು, ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ನಡುವನ್ನು ಎತ್ತಿ ಹಿಡಿದು, ಬಾಗಿಲಿದ್ದ ಜಾಗಕ್ಕೆ ಅಡ್ಡ ಸಲಾಕೆ ಬೆಸೆದು, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕಿತ್ತು. "ಕಿಡಿ ಬೀಳತ್ತೆ, ಸೀಟಿಗೆ ಗೋಣಿ ಮುಚ್ಚು." "ನನ್ನ ಸೀಟು ನನಗೆ ಗೊತ್ತು." "ಎಷ್ಟು ಗೊತ್ತು ಅಂತ ಗೊತ್ತಾಯ್ತಲ್ಲ!" ಹೀಗೆ ಹಗಲೆಲ್ಲ. ಈಗ ಅವನೂ ಬೈಯುತ್ತಿದ್ದ, ಅವಳೂ ಬೈಯುತ್ತಿದ್ದಳು. ಶೆಡ್ಡಿನ ಮುಂದೆ ಹೋಗುವವರಿಗೆ ಯಾರ ದನಿ ಯಾವುದೆಂದು ತಿಳಿಯುತ್ತಿರಲಿಲ್ಲ. ಹೊಸ ತಗಡಿನ ತಳಕ್ಕೆ ತಮ್ಮ ಡ್ರಿಲ್ ಹಿಡಿದು ತೂತು ಕೊರೆಯುವಾಗ ಮಾತ್ರ ಅಕ್ಕ ಸುಮ್ಮನಿದ್ದಳು. ಒಂದೊಂದು ತೂತಿಗೂ ಅವಳ ಕೈ ತುರಿಸಿತು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು.

ತಪಾಸಣೆಯವನು ಬಾಗಿಲು ಹಾಕಿದ. ಟಕ್ ಎಂದಿತು. ಮತ್ತೆ ತೆಗೆದು ಹಾಕಿದ, ಮತ್ತೆ ಟಕ್. ಕೆಳಗೆ ಬಗ್ಗಿ ಹೊಸ್ತಿಲನ್ನು ಬಡಿದು ನೋಡಿ, "ಯಾರು ಮಾಡಿದ್ದು?" ಅಂದ.

"ನನ್ನ ತಮ್ಮ," ಅಂದಳು ಅಕ್ಕ. "ಸರಿಯಾಗಿ ನೋಡಿ ಹೇಳಿ, ಸುಮ್ಮನೆ ತಲೆ ಅಲ್ಲಾಡಿಸಬೇಡಿ."

ಕೆಂಪಿ ರಸ್ತೆಗೆ ಬಂತು. ಹಿಂದಿನ ಸಂದಿಗೆ ಹತ್ತಲು ಕಾಲೆತ್ತಿದ ತಮ್ಮನ ಮೇಲೆ ಅಕ್ಕ ಕೀಲಿ ಎಸೆದು, ತಾನು ಪಕ್ಕದ ಸೀಟಿನಲ್ಲಿ ಕೂತಳು.

ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ತಮ್ಮ ಶೆಡ್ಡಿಗೆ ಬಂದಾಗ ಒಳಗೆ ಯಾರೂ ಕಾಣಲಿಲ್ಲ. ಆಮೇಲೆ ನೋಡಿದರೆ ಕಾರಿನ ಅಡಿಯಿಂದ ಎರಡು ಪಾದ ಹೊರಗೆ ಚಾಚಿದ್ದವು. ಗೋಣಿತಾಟು ಹಾಸಿಕೊಂಡು ಅಕ್ಕ ಮೇಲುಮುಖಳಾಗಿ ಮಲಗಿದ್ದಳು. ಕೈಯಲ್ಲಿ ಅಂಗಡಿಯ ದಬ್ಬಣ. ಒಂದೊಂದೇ ತೂತಿಗೆ ಚುಚ್ಚಿ ಕೆಸರು ಬಿಡಿಸುತ್ತಿದ್ದಳು, ನೀರು ತೊಟ್ಟಿಕ್ಕಿ ಕಣ್ಣಿಗೆ, ಕತ್ತಿಗೆ, ಕಿವಿಯೊಳಗೆ ಬೀಳುತ್ತಿತ್ತು.

ತಮ್ಮ ಕೂತು ಬಗ್ಗಿ ನೋಡಿದ. "ನಿದ್ದೆ ಆಯ್ತಾ ಅಕ್ಕ?" ಅಂದ.

ಅಕ್ಕ ಮುಂದಿನ ತೂತಿಗೆ ದಬ್ಬಣ ಚುಚ್ಚಿದಳು. ಸಿಕ್ಕಿಕೊಂಡಿದ್ದ ನೀರು ಸರಾಗವಾಗಿ ಸುರಿಯಿತು.

"ಸುಮ್ನಿರೋ ಕತ್ತೆ," ಅಂದಳು. "ನಿನ್ನ ಕೆಲಸ ಮಾಡ್ತಾ ಇದ್ದೀನಿ."